ದೊಡ್ಡಮ್ಮ ಕಳಿಸದೆ ಇಟ್ಟುಕೊಂಡ ಪ್ರಶ್ನೆ

ನಮ್ಮ ದೊಡ್ಡಮ್ಮನನ್ನು ಊರಿನವರೆಲ್ಲ ಕರೆಯುತ್ತಿದ್ದದ್ದು ಟೆಲಿಫೋನಕ್ಕ ಎಂದು. ಇಪ್ಪತ್ತಾರು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತು ಟ್ರಂಕ್ ಕಾಲ್ ಸೇರಿಸಿದವರು. ನನ್ನ ಅಮ್ಮನ ಅಕ್ಕ. ಔಷಧಿ ವಿಜ್ಞಾನ ಓದಲು ಬಂದ ನಾನು ಮೂರು ವರ್ಷ ಅವರ ಮನೆಯಲ್ಲೇ ಇದ್ದೆ, ಅವರ ಕೈಯಡುಗೆ ಉಂಡುಕೊಂಡು, ಅವರ ಬೈಗುಳ ತಿಂದುಕೊಂಡು. ಈಗ ಅವರಿಗೆ ಎಂಬತ್ತು ದಾಟಿದೆ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ, "ಬರಿ, ಆದ್ರೆ ನನ್ನನ್ನ ದೇವತೆ ಮಾಡಬೇಡ. ಆ ಸಲೂನಿನ ವಿಷಯಾನೂ ಬರಿ" ಎಂದರು. ಅದನ್ನು ಬಿಟ್ಟರೆ ನನಗೆ ಬರೆಯುವುದಕ್ಕೆ ಹೆಚ್ಚೇನೂ ಇಲ್ಲ ಎಂದು ಅವರ ಮುಖದ ಮೇಲೆ ಹೇಳಲಿಲ್ಲ.

ಟ್ರಂಕ್ ಕಾಲ್ ಎಂದರೇನು ಎಂದು ಇಂದಿನವರಿಗೆ ವಿವರಿಸಲು ಹೊರಟರೆ ನನಗೇ ವಯಸ್ಸಾದ ಹಾಗೆ ಅನಿಸುತ್ತದೆ. ದೂರದ ಊರಿಗೆ ಮಾತನಾಡಬೇಕಾದವರು ಮೊದಲು ಎಕ್ಸ್‌ಚೇಂಜಿಗೆ ಹೇಳಿ ಕಾಲ್ ಬುಕ್ ಮಾಡಬೇಕಿತ್ತು. ಆಪರೇಟರ್ ಅದಕ್ಕೊಂದು ಚೀಟಿ ಬರೆದು ಸರದಿಯಲ್ಲಿಡುತ್ತಿದ್ದರು. ಲೈನ್ ಸಿಕ್ಕಾಗ ಎರಡೂ ಕಡೆಯನ್ನು ಸೇರಿಸಿ, "ಮಾತಾಡಿ" ಎಂದು ಹೇಳಿ ತಾವು ಹಿಂದೆ ಸರಿದುಬಿಡಬೇಕು. ಚೀಟಿ ಯಾರದೇ ಆಗಿರಲಿ, ಸರದಿ ತಪ್ಪಿಸುವ ಹಾಗಿಲ್ಲ. ಒಮ್ಮೆ ಊರಿನ ದೊಡ್ಡ ಮನುಷ್ಯರೊಬ್ಬರು ತಮ್ಮ ಕಾಲ್ ಮೊದಲು ಸೇರಿಸಲಿಲ್ಲ ಎಂದು ಎಕ್ಸ್‌ಚೇಂಜಿಗೇ ಬಂದು ಕೂಗಾಡಿದರಂತೆ. ದೊಡ್ಡಮ್ಮ ತಲೆ ಕೂಡ ಎತ್ತದೆ, "ನಿಮಗಿಂತ ಮುಂಚೆ ಒಬ್ಬರು ಹಸು ಕರು ಹಾಕಿದ ಸುದ್ದಿ ಹೇಳಬೇಕಿದೆ, ಕೂತ್ಕೊಳ್ಳಿ" ಎಂದರಂತೆ. ಈ ಕಥೆಯನ್ನು ನಾನು ಕಡಿಮೆ ಎಂದರೂ ನಲವತ್ತು ಸಲ ಕೇಳಿದ್ದೇನೆ. ಪ್ರತಿ ಸಲವೂ ಹಸು ಒಂದೇ, ದೊಡ್ಡ ಮನುಷ್ಯರ ಹುದ್ದೆ ಮಾತ್ರ ಮೇಲೇರುತ್ತಾ ಹೋಗುತ್ತಿತ್ತು.

ಆಮೇಲೆ ತಾನೇ ನಂಬರು ಸೇರಿಸಿಕೊಳ್ಳುವ ಯಂತ್ರ ಬಂತು. ಆಪರೇಟರುಗಳನ್ನು ಅಲ್ಲಿ ಇಲ್ಲಿ ಹಂಚಿದರು. ದೊಡ್ಡಮ್ಮನ ಪಾಲಿಗೆ ಬಂದದ್ದು ಸಾರ್ವಜನಿಕ ಗ್ರಂಥಾಲಯದ ವಿಚಾರಣಾ ಮೇಜು. ಮೆಟ್ಟಿಲಿನ ಕೆಳಗೆ, ನಿಂತರೆ ತಲೆ ತಾಗುವ ಜಾಗದಲ್ಲಿ ಆ ಮೇಜು. ಅದರ ಒಂದು ಕಾಲು ಮೋಟು; ಅದರ ಕೆಳಗೆ ಹಳೆಯ ಟೆಲಿಫೋನ್ ಡೈರೆಕ್ಟರಿ ಇಟ್ಟಿದ್ದರು. ಅದನ್ನು ನೋಡಿದ ದಿನ ದೊಡ್ಡಮ್ಮ ಮನೆಗೆ ಬಂದು ಊಟ ಮಾಡಲಿಲ್ಲ. ಮಾರನೆಯ ದಿನ ಮರದ ತುಂಡೊಂದನ್ನು ತೆಗೆದುಕೊಂಡು ಹೋಗಿ, ಡೈರೆಕ್ಟರಿ ಎಳೆದು, ಒರೆಸಿ, ಕಪಾಟಿನಲ್ಲಿಟ್ಟರು.

ಆ ಮೇಜಿನ ಪಕ್ಕದಲ್ಲಿ ಯಾರೋ ದಾನ ಕೊಟ್ಟ ಒಂದು ಕಂಪ್ಯೂಟರು, ಅದಕ್ಕೊಂದು ಫೋನ್ ಲೈನು, ಮಧ್ಯದಲ್ಲಿ ಮೋಡೆಮ್ ಎಂಬ ಪುಟ್ಟ ಡಬ್ಬಿ. ಗ್ರಂಥಾಲಯದಲ್ಲಿ ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಇಂಟರ್‌ನೆಟ್ ಎಂಬ ಹೆಸರು ಕೇಳಿದ್ದರು ಅಷ್ಟೆ. ಒಂದು ಬೆಳಿಗ್ಗೆ ಯಾರೋ ಅದನ್ನು ಹಚ್ಚಿದಾಗ ಡಬ್ಬಿ ಕೀಚು ದನಿಯಲ್ಲಿ ಅರಚತೊಡಗಿತು. ಉಳಿದವರು ಕಿವಿ ಮುಚ್ಚಿಕೊಂಡರೆ ದೊಡ್ಡಮ್ಮ ಕಿವಿ ನಿಮಿರಿಸಿದರು. "ಇದು ಲೈನ್ ಸೇರೋ ಸದ್ದು ಕಣ್ರೀ. ಆ ಕಡೆಯೋರು ಎತ್ತಿದ್ದಾರೆ" ಎಂದರು. ಎರಡು ವಾರದಲ್ಲಿ ಅರಚಾಟ ಕೇಳಿದರೆ ಸಾಕು, ಲೈನ್ ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳುವಷ್ಟು ಪಳಗಿಬಿಟ್ಟರು. ಅವರ ಮಾತು ತಪ್ಪಿದ್ದನ್ನು ನಾನು ಕಾಣೆ.

ಅಲ್ಲಿಂದ ಅವರಿಗೆ ಆಕಾಶದ ಹುಚ್ಚು ಹಿಡಿಯಿತು. ಬಾಹ್ಯಾಕಾಶದ ಬಗ್ಗೆ ಆಗಲೇ ನೂರಾರು ಪುಟಗಳಿದ್ದವು. ಕಪ್ಪು ಹಿನ್ನೆಲೆ, ಅದರ ಮೇಲೆ ಚುಕ್ಕಿ ಚುಕ್ಕಿ ನಕ್ಷತ್ರ, ಕಣ್ಣು ಕುಕ್ಕುವ ಹಳದಿ ಅಕ್ಷರ, ಕೆಳಗೆ ಎಷ್ಟು ಜನ ಬಂದುಹೋದರು ಎಂದು ತೋರಿಸುವ ಅಂಕಿ. ಕೆಂಪು ಗ್ರಹದ ಮೇಲೆ ಆರು ಗಾಲಿಯ ಪುಟ್ಟ ಗಾಡಿ ಓಡಾಡಿ ಕಳಿಸಿದ ಚಿತ್ರವೊಂದು ಮೇಲಿನಿಂದ ಕೆಳಕ್ಕೆ, ಬೆರಳಗಲ ಬೆರಳಗಲವಾಗಿ ತೆರೆದುಕೊಳ್ಳುತ್ತಿತ್ತು. ಪೂರ್ತಿ ಬರಲು ಹನ್ನೆರಡು ನಿಮಿಷ. ಆ ಹನ್ನೆರಡು ನಿಮಿಷವೂ ದೊಡ್ಡಮ್ಮ ಗಲ್ಲಕ್ಕೆ ಕೈಯಿಟ್ಟು ಕೂತಿರುತ್ತಿದ್ದರು. "ಅಷ್ಟು ದೂರದಿಂದ ಬರಬೇಕಲ್ಲ, ಬರಲಿ ಪಾಪ" ಎನ್ನುತ್ತಿದ್ದರು. ನಾನೋ, ಮೊದಲ ಎರಡು ಬೆರಳಗಲ ಬರೀ ಆಕಾಶ ಬಂದರೆ ಸಾಕು, ತಾಳ್ಮೆ ತಪ್ಪಿ ಎದ್ದು ಹೋಗುತ್ತಿದ್ದೆ.

ಆ ಪುಟಗಳಲ್ಲೊಂದು ಇಡೀ ಕೆಲಸದ ರೀತಿಯನ್ನೇ ಬದಲಿಸಿತು. ದೂರದ ಯಾವುದೋ ಬಾಹ್ಯಾಕಾಶ ಸಂಸ್ಥೆಯ ಕೆಲವು ವಿಜ್ಞಾನಿಗಳು, ಎಂಜಿನಿಯರುಗಳು ಬಿಡುವಿನ ವೇಳೆಯಲ್ಲಿ ನಡೆಸುತ್ತಿದ್ದ ಪುಟ ಅದು. ಯಾರು ಬೇಕಾದರೂ ಪ್ರಶ್ನೆ ಕಳಿಸಬಹುದು, ಅವರು ಉತ್ತರ ಬರೆಯುತ್ತಾರೆ. ನಾವು ಕೆಲವೇ ಜನ, ಒಂದು ಕಡೆಯಿಂದ ವಾರಕ್ಕೆ ಐದಕ್ಕಿಂತ ಹೆಚ್ಚು ಕಳಿಸಬೇಡಿ ಎಂದು ಕೆಳಗೆ ಬರೆದಿದ್ದರು. ದೊಡ್ಡಮ್ಮ ಅದನ್ನು ಓದಿ ನೇರ ಲೇಖನ ಸಾಮಗ್ರಿಯ ಕಪಾಟಿಗೆ ಹೋಗಿ ಒಂದು ಕಟ್ಟು ಚೀಟಿ ತಂದರು. ಮರುದಿನ ಮೇಜಿನ ಮುಂದೆ ಒಂದು ರಟ್ಟು ತೂಗುತ್ತಿತ್ತು: "ಆಕಾಶದ ಬಗ್ಗೆ ಏನಾದರೂ ಕೇಳಬೇಕೆ? ಇಲ್ಲಿ ಬುಕ್ ಮಾಡಿ."

ಜನ ಬರತೊಡಗಿದರು. ಮೊದಲು ಶಾಲೆಯ ಹೆಣ್ಣುಮಕ್ಕಳು, ಆಮೇಲೆ ದೊಡ್ಡವರೂ. ಚಂದ್ರನ ಮೇಲೆ ಮನುಷ್ಯರ ಹೆಜ್ಜೆಗುರುತು ಇನ್ನೂ ಹಾಗೇ ಇದೆಯಾ, ಯಾರೂ ಗುಡಿಸಿಲ್ಲವಾ ಎಂದು ಹೂವಿನ ಅಂಗಡಿಯ ಅಜ್ಜಿ ಕೇಳಿದರು. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಹಾಗೇ ಇದೆ ಎಂದು ಉತ್ತರ ಬಂತು. "ಸೊಸೆ ಇಲ್ಲದ ಮನೆ" ಎಂದು ಅಜ್ಜಿ ತಲೆಯಾಡಿಸಿದರು. ಗಗನಯಾತ್ರಿಯ ಉಡುಪಿಗೆ ಎಷ್ಟು ಪದರ ಬಟ್ಟೆ ಎಂದು ದರ್ಜಿ ಕೇಳಿದ. ಹದಿನಾಲ್ಕು ಎಂದು ಬಂದ ಉತ್ತರವನ್ನು ಅವನು ಹೊಲಿಗೆಯಂತ್ರದ ಮೇಲೆ ಅಂಟಿಸಿಕೊಂಡ. ದೊಡ್ಡಮ್ಮ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿ, ಉತ್ತರ ಬಂದಾಗ ಅದನ್ನು ನಮ್ಮ ಮಾತಿಗೆ ತಿರುಗಿಸಿ ಬರೆದು, ಕೇಳಿದವರಿಗೆ ಹೇಳಿಕಳಿಸುತ್ತಿದ್ದರು: "ನಿಮ್ಮ ಕಾಲ್ ಬಂದಿದೆ." ಎಕ್ಸ್‌ಚೇಂಜು ಮುಚ್ಚಿದ ಮೇಲೆ ಮೊದಲ ಬಾರಿಗೆ ಅವರ ನಡಿಗೆಯಲ್ಲಿ ಹುರುಪು ಕಂಡಿತು.

ದರ್ಜಿಯ ಅಂಗಡಿಯ ಎದುರಿಗೇ ಕತ್ತರಿ ಮಾಮನ ಸಲೂನು. ಊರಿನ ಅರ್ಧ ತಲೆಗಳು ಅವರ ಕೈಯಲ್ಲೇ ಸಣ್ಣದಾಗಿದ್ದವು. ನಮ್ಮ ದೊಡ್ಡಪ್ಪನದೂ ಅಲ್ಲೇ. ಕೆಲಸದಲ್ಲಿ ಎತ್ತಿದ ಕೈ, ಮಾತಿನಲ್ಲೂ ಅಷ್ಟೆ. ದರ್ಜಿಗೆ ಉತ್ತರ ಬಂದ ಸುದ್ದಿ ಕೇಳಿ ಮಾಮನಿಗೆ ಹೊಟ್ಟೆಯೊಳಗೆ ಸಣ್ಣಗೆ ಉರಿ ಶುರುವಾಗಿರಬೇಕು. ಒಂದು ಮಧ್ಯಾಹ್ನ ಏಪ್ರನ್ ಕೂಡ ಬಿಚ್ಚದೆ ಗ್ರಂಥಾಲಯಕ್ಕೆ ಬಂದರು. ನಾನು ಅಲ್ಲೇ ಓದುತ್ತ ಕೂತಿದ್ದೆ.

"ಅಕ್ಕಾ, ಒಂದು ಬುಕ್ ಮಾಡ್ಕೊಳ್ಳಿ. ಅಲ್ಲಿ ಮೇಲೆ ತಿಂಗಳುಗಟ್ಟಲೆ ಇರ್ತಾರಲ್ಲ, ಅವರಿಗೆ ಕಟಿಂಗ್ ಯಾರು ಮಾಡ್ತಾರೆ? ಕೆಳಗೆ ಬೀಳೋದೇ ಇಲ್ಲ ಅಂದ್ಮೇಲೆ ಕತ್ತರಿಸಿದ ಕೂದಲು ಎಲ್ಲಿಗೆ ಹೋಗುತ್ತೆ? ಕಣ್ಣಿಗೆ ಮೂಗಿಗೆ ಹೋಗಲ್ವಾ?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದು ನಕ್ಕರು. ದೊಡ್ಡಮ್ಮ ನಗಲಿಲ್ಲ. ಚೀಟಿ ಬರೆದು, ತಾರೀಕು ಹಾಕಿ, ಸರದಿಯಲ್ಲಿಟ್ಟರು. ಮಾಮ ತೃಪ್ತಿಯಿಂದ ಹೋದರು.

ಇಲ್ಲಿಂದ ಮುಂದಿನದು ನನಗೆ ಬರೆಯಲು ಇಷ್ಟವಿಲ್ಲದ ಭಾಗ. ಆ ವಾರ ಗ್ರಂಥಾಲಯಕ್ಕೆ ಮೇಲಧಿಕಾರಿಯೊಬ್ಬರು ಬರುವವರಿದ್ದರು. ಈ ಪ್ರಶ್ನೆಗಳ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ವಾರದ ಐದು ಪ್ರಶ್ನೆಗಳನ್ನು ತೋರಿಸಿ ಎಂದಿದ್ದರು. ದೊಡ್ಡಮ್ಮ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಧೂಮಕೇತುವಿನ ಬಾಲ, ಗುರುಗ್ರಹದ ಕೆಂಪು ಮಚ್ಚೆ, ಬೆಳಕಿನ ವೇಗ, ಸೂರ್ಯನ ವಯಸ್ಸು, ಕತ್ತರಿಸಿದ ಕೂದಲು. ಕೂದಲಿನ ಚೀಟಿಯನ್ನು ಎತ್ತಿ ಕೆಳಗಿಟ್ಟು ಅದರ ಜಾಗಕ್ಕೆ ಮುಂದಿನ ವಾರದ್ದೊಂದನ್ನು ತಂದರು. ಗ್ರಂಥಾಲಯದ ಹೆಸರಿನಲ್ಲಿ ವಿಜ್ಞಾನಿಗಳಿಗೆ ಕ್ಷೌರದ ಪ್ರಶ್ನೆ ಹೋದರೆ ಏನಂದುಕೊಳ್ಳುತ್ತಾರೋ ಎಂಬ ನಾಚಿಕೆ. ಮುಂದಿನ ವಾರ ಕಳಿಸಿದರಾಯಿತು ಎಂದುಕೊಂಡರು. ಮುಂದಿನ ವಾರ ಇನ್ನೊಂದು ನೆಪ. ನಾಲ್ಕು ವಾರ ಕಳೆದ ಮೇಲೆ ಆ ಚೀಟಿ ಅವರ ಲೆಕ್ಕದ ಪುಸ್ತಕದ ಹಿಂದಿನ ರಟ್ಟಿನೊಳಗೆ ಸೇರಿಹೋಯಿತು.

ಮಾಮ ಪ್ರತಿ ವಾರ, ಅಂಗಡಿ ರಜೆಯ ದಿನ, ತಪ್ಪದೆ ಬಂದು ಕೇಳುತ್ತಿದ್ದರು.

"ಅಕ್ಕಾ, ನನ್ನ ಕಾಲ್ ಬಂತಾ?"

"ಇಲ್ಲ. ಲೈನ್ ಬಿಜಿ ಇದೆ."

"ಅವರಿಗೂ ಕೆಲಸ ಇರುತ್ತಲ್ಲ. ನಿಧಾನಕ್ಕೆ ಬರಲಿ ಬಿಡಿ."

ಅಷ್ಟು ಹೇಳಿ ಪೇಪರ್ ಓದಿ ಹೋಗುತ್ತಿದ್ದರು. ಹೀಗೆ ಹನ್ನೊಂದು ತಿಂಗಳು. ದೊಡ್ಡಮ್ಮನಂಥವರು ಹೀಗೆ ಮಾಡಿದರು ಎಂದರೆ ಅವರನ್ನು ಬಲ್ಲವರು ನಂಬುವುದಿಲ್ಲ. ನಾನು ನಂಬುತ್ತೇನೆ. ದೊಡ್ಡ ಮನುಷ್ಯರ ಮುಂದೆ ತಲೆ ಬಾಗದ ಹೆಂಗಸು ವಿಜ್ಞಾನಿಗಳ ಮುಂದೆ ತಲೆ ಬಾಗಿದ್ದರು, ಅವರು ಕೇಳದೆಯೇ.

ಆ ವರ್ಷದ ಕೊನೆಯಲ್ಲಿ ನೋಟಿಸು ಬಂತು. ಊರಿಗೆ ಹೊಸ ಮಾಹಿತಿ ಕೇಂದ್ರ ಆಗುತ್ತದೆ, ಗ್ರಂಥಾಲಯದ ಫೋನ್ ಲೈನನ್ನು ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ ತೆಗೆಯುತ್ತಾರೆ. ದೊಡ್ಡಮ್ಮನಿಗೆ ಇನ್ನು ಮುಂದೆ ಪುಸ್ತಕಕ್ಕೆ ಮುದ್ರೆ ಒತ್ತುವ ಕೆಲಸ. ನಾನು ಸಿಟ್ಟಿನಿಂದ ಕುದಿದೆ. ಅರ್ಜಿ ಬರೆಯೋಣ, ಸಹಿ ಸಂಗ್ರಹಿಸೋಣ ಎಂದು ಹಾರಾಡಿದೆ. ದೊಡ್ಡಮ್ಮ, "ಸುಮ್ನಿರೇ. ಎಕ್ಸ್‌ಚೇಂಜೇ ಹೋಯ್ತು, ಇದ್ಯಾವ ಮಹಾ" ಎಂದು, ಉಳಿದ ಮೂರು ವಾರಕ್ಕೆ ಬಾಕಿ ಚೀಟಿಗಳನ್ನು ಸಾಲಾಗಿ ಜೋಡಿಸಿಕೊಂಡರು. ಪಾಳಿ ಮುಗಿಸಿ ಏಳುವಾಗ ಒಂದು ಚೀಟಿಯೂ ಬಾಕಿ ಇರಬಾರದು ಎಂಬುದು ಅವರ ಹಳೆಯ ಹಟ. ಹದಿನಾಲ್ಕು ಚೀಟಿ ಬಾಕಿ ಇದ್ದವು. ವಾರಕ್ಕೆ ಐದರಂತೆ ಮೂರು ವಾರದಲ್ಲಿ ಮುಗಿಯುತ್ತವೆ ಎಂದು ಹೇಳಿದರು.

ಅದೇ ಸಂಜೆ ದೊಡ್ಡಪ್ಪ ಕಟಿಂಗ್ ಮಾಡಿಸಿಕೊಂಡು ಬಂದರು. ದೊಡ್ಡಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು, ಊಟದ ಹೊತ್ತಿಗೆ ಮಾತ್ರ ಬಾಯಿ ತೆರೆಯುವವರು, ಅದೂ ತುತ್ತಿಗೆ. ಆ ದಿನ ಮಾತಿಗೂ ತೆರೆದರು.

"ಪಾಪ, ಆ ಕತ್ತರಿಯೋನನ್ನ ಬಹಳ ಗೋಳು ಹೊಯ್ಕೊಳ್ತಾರೆ. ಕೂತೋರೆಲ್ಲ ಕೇಳೋದು ಒಂದೇ: ಏನಪ್ಪಾ, ಮೇಲಿಂದ ಫೋನ್ ಬಂತಾ? ಗಿರಾಕಿ ಯಾವಾಗ ಇಳೀತಾರಂತೆ? ಇವತ್ತು ಒಬ್ಬ ಹೇಳ್ದ, ಆ ಟೆಲಿಫೋನಕ್ಕ ನಿನ್ನ ಚೀಟೀನ ಕಸದ ಬುಟ್ಟಿಗೆ ಹಾಕಿರ್ತಾಳೆ ಅಂತ. ಕತ್ತರಿ ಕೆಳಗಿಟ್ಟುಬಿಟ್ಟ."

"ಆಮೇಲೆ?" ದೊಡ್ಡಮ್ಮನ ದನಿ ಸಣ್ಣದಾಗಿತ್ತು.

"ಏನೂ ಇಲ್ಲ. ಅಕ್ಕನ ಬಗ್ಗೆ ಒಂದು ಮಾತಾಡಿದ್ರೆ ಅರ್ಧ ತಲೆಯಲ್ಲೇ ಎಬ್ಬಿಸಿ ಕಳಿಸ್ತೀನಿ, ಅವರು ಬಿಜಿ ಅಂದ್ರೆ ಬಿಜಿ, ಅವರು ಸುಳ್ಳು ಹೇಳೋರಲ್ಲ ಅಂದ. ನನಗೇ ಎದೆ ಉಬ್ಬಿತು."

ದೊಡ್ಡಮ್ಮ ತಟ್ಟೆಯ ಮುಂದಿನಿಂದ ಎದ್ದರು. ಕೈ ತೊಳೆದು, ಚೀಲದಿಂದ ಆ ಪುಸ್ತಕ ತೆಗೆದು, ಹಿಂದಿನ ರಟ್ಟಿನೊಳಗಿಂದ ಆ ಚೀಟಿಯನ್ನು ಎಳೆದು ನಮ್ಮಿಬ್ಬರ ಮುಂದೆ ಇಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದೊಡ್ಡಪ್ಪ ಚೀಟಿ ನೋಡಿದರು, ಹೆಂಡತಿಯ ಮುಖ ನೋಡಿದರು, ಮತ್ತೆ ಊಟಕ್ಕೆ ಬಾಗಿದರು. ಅವರ ಕಿವಿ ಕೆಂಪಾಗಿತ್ತು. ನನಗೆ ದೊಡ್ಡಮ್ಮನ ಮೇಲೆ ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಆ ಮನೆಯಲ್ಲಿ ಅಲುಗಾಡದ್ದು ಎಂದು ನಾನು ನೆಚ್ಚಿಕೊಂಡಿದ್ದದ್ದು ಅವರೊಬ್ಬರನ್ನೇ.

ಬೆಳಿಗ್ಗೆ ಗ್ರಂಥಾಲಯ ತೆರೆಯುತ್ತಿದ್ದ ಹಾಗೆ ಆ ಪ್ರಶ್ನೆ ಹೋಯಿತು, ಉಳಿದ ಎಲ್ಲಕ್ಕಿಂತ ಮೊದಲು. ಅಲ್ಲಿಂದ ಕಾಯುವುದು ಶುರುವಾಯಿತು. ಒಂದು ವಾರ ಏನೂ ಬರಲಿಲ್ಲ. ಎರಡನೆಯ ವಾರ ಧೂಳಿನ ಬಿರುಗಾಳಿಯ ಬಗ್ಗೆ ಉತ್ತರ ಬಂತು, ಕಪ್ಪು ಕುಳಿಯ ಬಗ್ಗೆ ಬಂತು, ಕೂದಲಿನದು ಬರಲಿಲ್ಲ. ಮಾಮ ಬಂದು ಕೇಳಿದಾಗ ದೊಡ್ಡಮ್ಮನ ಬಾಯಿಂದ ಬಿಜಿ ಎಂಬ ಮಾತು ಹೊರಡಲಿಲ್ಲ. "ಇನ್ನೂ ಬಂದಿಲ್ಲ" ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಅಷ್ಟರಲ್ಲಿ ಲೈನ್ ಹೋಗಿಬಿಟ್ಟರೆ ಆ ಮನುಷ್ಯನಿಗೆ ಕೊಡುವುದಕ್ಕೆ ನನ್ನ ಹತ್ತಿರ ಸುಳ್ಳೊಂದೇ ಉಳಿಯುತ್ತದೆ ಎಂದು ಮನೆಗೆ ಬರುವ ದಾರಿಯಲ್ಲಿ ಹೇಳಿದರು.

ಕೊನೆಯ ವಾರ, ಬುಧವಾರ ಮಧ್ಯಾಹ್ನ, ಉತ್ತರ ಬಂತು. ನಾನು ಪಕ್ಕದಲ್ಲೇ ಇದ್ದೆ. ಉಳಿದ ಉತ್ತರಗಳು ಐದಾರು ಸಾಲಿನವು, ಇದು ಒಂದೂವರೆ ಪುಟ. ಬರೆದದ್ದು ಒಬ್ಬ ಮಹಿಳಾ ಎಂಜಿನಿಯರ್. ಮೂರು ವರ್ಷದಿಂದ ಉತ್ತರ ಬರೆಯುತ್ತಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಅದಕ್ಕೇ ತಡವಾಯಿತು ಎಂದಿದ್ದರು. ಮೇಲೆ ಇದ್ದು ಬಂದವರೊಬ್ಬರನ್ನು ಹುಡುಕಿ ಕೇಳಿದರಂತೆ. ಅಲ್ಲಿ ಜೊತೆಯವರೇ ಒಬ್ಬರಿಗೊಬ್ಬರು ಕತ್ತರಿಸಿಕೊಳ್ಳುತ್ತಾರೆ. ಕೂದಲು ಕತ್ತರಿಸುವ ಯಂತ್ರಕ್ಕೆ ಧೂಳು ಹೀರುವ ಪೈಪನ್ನು ಜೋಡಿಸಿರುತ್ತಾರೆ, ಕೂದಲು ಹಾರುವ ಮೊದಲೇ ಅದು ಎಳೆದುಕೊಳ್ಳುತ್ತದೆ. ಕೊನೆಯಲ್ಲಿ ಹೀಗೆ ಬರೆದಿದ್ದರು: "ಅವರು ಹೇಳುವ ಪ್ರಕಾರ ನಿಜವಾದ ತೊಂದರೆ ಕೂದಲಲ್ಲ. ತಲೆಯನ್ನು ಸ್ವಲ್ಪ ಒತ್ತಿದರೂ ಕತ್ತರಿಸಿಕೊಳ್ಳುವವರು ಇಡಿಯಾಗಿ ತೇಲಿ ಆಚೆ ಹೋಗುತ್ತಾರೆ. ಕುತ್ತಿಗೆಯ ಹಿಂಭಾಗ ಎಲ್ಲರದೂ ಹಾಳಾಗಿರುತ್ತದೆ. ಪ್ರಶ್ನೆ ಕೇಳಿದವರು ಈ ಕಸುಬಿನವರು ಎಂದು ನೀವು ಬರೆದಿದ್ದೀರಿ. ನಿಲ್ಲದ ತಲೆಯನ್ನು ಹೇಗೆ ಹಿಡಿಯಬೇಕು ಎಂದು ಅವರು ಹೇಳಬಲ್ಲರೆ? ನಾನು ಅದನ್ನು ತಲುಪಿಸುತ್ತೇನೆ."

ಇಷ್ಟು ದಿನ ಈ ಊರಿನಿಂದ ಪ್ರಶ್ನೆಗಳು ಹೋಗಿದ್ದವು. ಆ ಕಡೆಯಿಂದ ಒಂದು ಪ್ರಶ್ನೆ ಬಂದದ್ದು ಅದೇ ಮೊದಲು.

ನಾನು ಕುಣಿದಾಡಿದೆ. "ಮುಗೀತಲ್ಲ ದೊಡ್ಡಮ್ಮ! ಕೊನೆಗೂ ಲೈನ್ ಸಿಕ್ಕಿತು ಅಂತ ಕೊಟ್ಟುಬಿಡಿ. ಮಾಮನೂ ಖುಷಿ, ನೀವೂ ಖುಷಿ. ಹಳೇದನ್ನ ಕೆದಕಿ ಏನು ಸಿಗುತ್ತೆ?"

"ತಡ ಆಗಿದ್ದಕ್ಕೆ ಆ ಎಂಜಿನಿಯರಮ್ಮ ಆದ್ರೂ ಕಾರಣ ಬರೆದಿದ್ದಾರೆ. ನಾನು?"

"ಅವರು ಎರಡು ವಾರದ ಮಾತು ಹೇಳ್ತಿದ್ದಾರೆ. ಮಾಮನಿಗೆ ಅದು ಹೇಗೆ ಗೊತ್ತಾಗುತ್ತೆ?"

"ಅದೇ ನೋಡು" ಎಂದರು ದೊಡ್ಡಮ್ಮ. "ಗೊತ್ತಾಗಲ್ಲ ಅಂತಾನೇ ಇಷ್ಟು ದಿನ ನಡೀತು."

ಗುರುವಾರ ಬೆಳಿಗ್ಗೆ ಹತ್ತು ಗಂಟೆ, ಮಾಮನ ಅಂಗಡಿ ತುಂಬಿರುವ ಹೊತ್ತು. ದೊಡ್ಡಮ್ಮ ಬೇಕೆಂದೇ ಆ ಹೊತ್ತನ್ನು ಆರಿಸಿದ್ದರು. ನಾಲ್ಕು ಜನರ ಎದುರು ಆ ಮನುಷ್ಯ ಅವಮಾನಪಟ್ಟಿದ್ದಾರೆ, ಒಬ್ಬರೇ ಇದ್ದಾಗ ಹೋಗಿ ಪಿಸುಗುಟ್ಟಿ ಬರುವುದು ನ್ಯಾಯವಲ್ಲ ಎಂದು ಅವರ ವಾದ. ಒಲ್ಲದ ಮನಸ್ಸಿನಿಂದ ನಾನೂ ಜೊತೆಗೆ ಹೋದೆ. ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಬಳಿಸಿಕೊಂಡ ಒಬ್ಬರು, ಬೆಂಚಿನ ಮೇಲೆ ಮೂವರು. ಗಂಡಸರ ಸಲೂನಿನ ಬಾಗಿಲಲ್ಲಿ ಇಬ್ಬರು ಹೆಂಗಸರನ್ನು ಕಂಡು ಎಲ್ಲರ ಮಾತು ನಿಂತಿತು.

"ಬನ್ನಿ ಅಕ್ಕಾ! ನನ್ನ ಕಾಲ್ ಬಂತಾ?" ಮಾಮನ ಮುಖ ಊರಗಲವಾಯಿತು.

"ಬಂದಿದೆ. ಆದ್ರೆ ಅದಕ್ಕೆ ಮುಂಚೆ ಒಂದು ಮಾತು ಹೇಳಬೇಕು. ಲೈನ್ ಯಾವತ್ತೂ ಬಿಜಿ ಇರಲಿಲ್ಲ. ನಿಮ್ಮ ಪ್ರಶ್ನೇನ ನಾನೇ ಕಳಿಸಿರಲಿಲ್ಲ. ಓದಿದೋರು ನಗ್ತಾರೆ ಅಂತ ನನಗೆ ನಾಚಿಕೆ ಆಯ್ತು. ಕಳಿಸಿದ್ದು ಎರಡು ವಾರದ ಹಿಂದೆ. ಹನ್ನೊಂದು ತಿಂಗಳು ನಿಮಗೆ ಸುಳ್ಳು ಹೇಳಿದ್ದೀನಿ. ತಪ್ಪು ನನ್ನದು."

ಬೆಂಚಿನ ಮೇಲಿದ್ದವರಲ್ಲಿ ಒಬ್ಬರು ಕೆಮ್ಮಿದರು. ಮಾಮ ಕತ್ತಿಯನ್ನು ಬಟ್ಟೆಗೆ ಒರೆಸಿದರು. ಕುರ್ಚಿಯಲ್ಲಿದ್ದವರ ಇನ್ನೊಂದು ಕೆನ್ನೆಯನ್ನು ಪೂರ್ತಿ ಮುಗಿಸಿದರು, ಒಂದು ಗೀರೂ ಆಗದ ಹಾಗೆ. ನಾವು ಬಾಗಿಲಲ್ಲೇ ನಿಂತಿದ್ದೆವು.

"ಇದೇ ಕುರ್ಚಿ ಪಕ್ಕ ನಿಂತು, ನಿಮ್ಮ ಪರವಾಗಿ ಎಷ್ಟು ಜನರ ಜೊತೆ ಜಗಳ ಆಡಿದ್ದೀನಿ ಗೊತ್ತಾ ಅಕ್ಕಾ?" ಎಂದರು ಕೊನೆಗೆ.

"ಗೊತ್ತಾಗಿದ್ದಕ್ಕೇ ಬಂದೆ."

"ಅವರೆಲ್ಲ ನಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ. ಅವರಿಗಿಂತ ಮುಂಚೆ ನೀವು ನಕ್ಕಿದ್ರಿ."

ದೊಡ್ಡಮ್ಮ ಉತ್ತರದ ಹಾಳೆಯನ್ನು ಚಾಚಿದರು. ಮಾಮ ಕೈ ಮುಂದೆ ಮಾಡಲಿಲ್ಲ. "ಅಲ್ಲಿಟ್ಟು ಹೋಗಿ" ಎಂದು ಕನ್ನಡಿಯ ಕೆಳಗಿನ ಹಲಗೆಯತ್ತ ಗಲ್ಲ ತೋರಿಸಿದರು. ಪೌಡರ್ ಡಬ್ಬಿಯ ಪಕ್ಕ ಹಾಳೆಯನ್ನಿಟ್ಟು ನಾವು ಹೊರಗೆ ಬಂದೆವು. ನನಗೆ ಮಾಮನ ಮೇಲೂ ಸಿಟ್ಟು ಬಂತು. ತಾನಾಗಿ ಬಂದು ತಪ್ಪೊಪ್ಪಿಕೊಂಡವರಿಗೆ ಇಷ್ಟು ಬಿಗಿಯೇ ಎಂದು ಬಾಯಿ ತೆಗೆದೆ. "ಬಿಗಿಯಾಗಿ ಇರ್ಲಿ. ಅವರಿಗೆ ಆ ಹಕ್ಕಿದೆ" ಎಂದು ದೊಡ್ಡಮ್ಮ ನನ್ನ ಬಾಯಿ ಮುಚ್ಚಿಸಿದರು. ಆ ದಿನ ಗ್ರಂಥಾಲಯದಲ್ಲಿ ಅವರ ಮುಖ ಎರಡು ದಿನದ ಜ್ವರ ಬಿಟ್ಟವರ ಹಾಗಿತ್ತು.

ಶುಕ್ರವಾರ ಮಾಮ ಬರಲಿಲ್ಲ. ಮಾಮನದೂ ಸೇರಿ ಹದಿನೈದು ಚೀಟಿಗಳಲ್ಲಿ ಹದಿನಾಲ್ಕು ಮುಗಿದವು. ಮಾಮನದನ್ನು ದೊಡ್ಡಮ್ಮ ಮುಗಿದದ್ದೆಂದು ಗುರುತು ಹಾಕಲಿಲ್ಲ. ಆ ಕಡೆಯವರು ಕೇಳಿದ್ದಕ್ಕೆ ಈ ಕಡೆಯವರು ಉತ್ತರ ಕೊಡದೆ ಅದು ಮುಗಿದ ಹಾಗಲ್ಲ ಎಂದರು.

ಶನಿವಾರ ಬೆಳಗಿನಿಂದ ಅವರ ಕಣ್ಣು ಬಾಗಿಲ ಮೇಲೆಯೇ ಇತ್ತು. ಹನ್ನೆರಡಾಯಿತು. ಒಂದಾಯಿತು. ಲೈನ್ ತೆಗೆಯುವ ಇಬ್ಬರು ಕೆಲಸದವರು ಏಣಿ ಹೊತ್ತು ಬಂದು, ಎರಡು ಗಂಟೆ ಆಗಲಿ ಎಂದು ಹೊರಗೆ ನೆರಳಿನಲ್ಲಿ ಕೂತರು. ಒಂದೂಕಾಲಕ್ಕೆ ಮಾಮ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಮಡಿಸಿದ ಆ ಹಾಳೆ. ಯಾರ ಮುಖವನ್ನೂ ನೋಡದೆ ಮೇಜಿನ ಎದುರಿನ ಸ್ಟೂಲಿನ ಮೇಲೆ ಕೂತರು.

"ನಾನು ಹೇಳ್ತೀನಿ. ನೀವು ಬರೀರಿ. ಹೇಳಿದ್ದು ಹೇಳಿದ ಹಾಗೇ ಹೋಗಬೇಕು."

"ಹೇಳಿ" ಎಂದು ದೊಡ್ಡಮ್ಮ ಕೀಲಿಗಳ ಮೇಲೆ ಕೈಯಿಟ್ಟರು.

ಮಾಮ ಎರಡೂ ಕೈಯನ್ನು ಗಾಳಿಯಲ್ಲಿ ಎತ್ತಿ, ಅಲ್ಲೊಂದು ತಲೆ ಇದೆ ಎಂಬಂತೆ ಹಿಡಿದುಕೊಂಡು ಹೇಳತೊಡಗಿದರು. "ಮೊದಲು ಕಾಲು ಎಲ್ಲಾದ್ರೂ ಸಿಕ್ಕಿಸಿಕೊಳ್ಳೋಕೆ ಹೇಳಿ. ಕತ್ತರಿಸೋರು, ಕತ್ತರಿಸಿಕೊಳ್ಳೋರು ಇಬ್ಬರೂ. ಕಾಲು ನಿಂತ್ರೆ ಅರ್ಧ ತಲೆ ನಿಂತ ಹಾಗೆ. ತಲೇನ ಮೇಲಿಂದ ಒತ್ತಬೇಡಿ. ಎಡಗೈ ಹೆಬ್ಬೆರಳು ಕಿವಿ ಹಿಂದಿನ ಮೂಳೆ ಮೇಲೆ, ಮಿಕ್ಕ ಬೆರಳು ಹಗುರವಾಗಿ ನೆತ್ತಿ ಮೇಲೆ. ನನ್ನ ಹತ್ರ ಚಿಕ್ಕ ಮಕ್ಕಳು ಬರ್ತಾರೆ, ಅವರ ತಲೇನೂ ನಿಲ್ಲಲ್ಲ. ನಿಲ್ಲಿಸೋಕೆ ಹೋದ್ರೆ ಇನ್ನೂ ಓಲಾಡ್ತಾರೆ. ತಲೆ ಯಾವ ಕಡೆ ಹೋಗುತ್ತೋ ನಮ್ಮ ಕೈಯೂ ಆ ಕಡೇನೇ ಹೋಗಬೇಕು. ಕುತ್ತಿಗೆ ಹಿಂದೆ ಮಾತ್ರ ಕೊನೇಗೆ ಮಾಡಿ, ಉಸಿರು ಬಿಡೋಕೆ ಹೇಳಿ, ಬಿಟ್ಟಾಗ ಕತ್ತರಿಸಿ."

ಓದುವ ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಪೇಪರ್ ಇಳಿಸಿ ಇತ್ತ ತಿರುಗಿದ್ದರು. ಯಾರೂ ನಗಲಿಲ್ಲ. ದೊಡ್ಡಮ್ಮ ಬರೆದು ಮುಗಿಸಿ, "ಇಷ್ಟೇನಾ?" ಎಂದರು.

"ಇಷ್ಟೇ ಅಲ್ಲ. ತಡ ಆಗಿದ್ದು ಯಾಕೆ ಅಂತಾನೂ ಬರೀರಿ. ಈ ಪ್ರಶ್ನೆ ನಾನು ಕೇಳಿ ವರ್ಷ ಆಗ್ತಾ ಬಂತು. ನಮ್ಮ ಟೆಲಿಫೋನಕ್ಕ ಇದು ಹುಚ್ಚು ಪ್ರಶ್ನೆ ಅಂತ ಕಳಿಸದೆ ಇಟ್ಕೊಂಡು, ನನಗೆ ಸುಳ್ಳು ಹೇಳಿದ್ರು."

ದೊಡ್ಡಮ್ಮನ ಬೆರಳು ಒಂದು ಕ್ಷಣ ನಿಂತವು. ನನಗೆ ಎದ್ದು ಹೋಗಿ ಆ ಮನುಷ್ಯನ ಬಾಯಿ ಮುಚ್ಚಬೇಕು ಅನಿಸಿತು. ದೊಡ್ಡಮ್ಮ ಬರೆದರು. ಬರೆದದ್ದನ್ನು ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಓದಿಯೂ ಹೇಳಿದರು.

"ಇನ್ನೆರಡು ಸಾಲು" ಎಂದರು ಮಾಮ. "ಆಮೇಲೆ ಅವರೇ ನನ್ನ ಅಂಗಡಿಗೆ ಬಂದು, ಯಾರೂ ಕೇಳದೆ ಇದ್ರೂ, ನಾಲ್ಕು ಜನರ ಎದುರು ನಿಜ ಹೇಳಿದ್ರು. ನನಗೆ ಇನ್ನೂ ಸಿಟ್ಟಿದೆ. ಆದ್ರೆ ಹಾಗೆ ಬಂದು ಹೇಳೋ ಇನ್ನೊಬ್ಬರನ್ನ ನಾನು ಈ ಊರಲ್ಲಿ ನೋಡಿಲ್ಲ. ಇದನ್ನೂ ಬರೀರಿ."

ದೊಡ್ಡಮ್ಮ ಕೀಲಿಗಳಿಂದ ಕೈ ತೆಗೆದರು. "ಇದು ಬೇಡ ಬಿಡಿ."

"ಯಾಕೆ?"

"ಅವರಿಗೆ ಇದೆಲ್ಲ ಯಾಕೆ? ಇದು ಹೋಗೋದು ಬೇಡ."

ಮಾಮ ಮೊದಲ ಬಾರಿಗೆ ಅವರ ಮುಖವನ್ನು ನೇರವಾಗಿ ನೋಡಿದರು. "ಅಕ್ಕಾ, ನನ್ನ ಮಾತಲ್ಲಿ ಯಾವುದು ಹೋಗಬೇಕು, ಯಾವುದು ಬೇಡ ಅಂತ ಮತ್ತೆ ನೀವೇ ತೀರ್ಮಾನ ಮಾಡ್ತಿದ್ದೀರಾ?"

ಅದುವರೆಗೆ ಕಲ್ಲಿನಂತೆ ಕೂತಿದ್ದ ದೊಡ್ಡಮ್ಮನ ಕಣ್ಣು ತುಂಬಿ ಹರಿಯಿತು. ಎಲ್ಲರ ಎದುರಿಗೇ. ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡು, ಕಾಣಿಸದ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತುತ್ತಾ, ಆ ಎರಡು ಸಾಲನ್ನೂ ಒಂದು ಮಾತು ಬಿಡದೆ ಬರೆದರು. ಮಾಮ ಸ್ಟೂಲನ್ನು ಎಳೆದುಕೊಂಡು ಅವರ ಪಕ್ಕಕ್ಕೆ ಬಂದು ಕೂತರು. ಗಡಿಯಾರದಲ್ಲಿ ಒಂದು ಐವತ್ತಾಗಿತ್ತು. ಡಬ್ಬಿ ಅರಚಿ ಲೈನ್ ಸೇರುವವರೆಗೆ ಇಬ್ಬರೂ ಅಲ್ಲೇ ಇದ್ದರು, ಆಮೇಲೆ ದೊಡ್ಡಮ್ಮ ಅದನ್ನು ಕಳಿಸಿದರು.